ಅತ್ತೆಯನ್ನೆತ್ತುವ ದಾರ

"ಗುರುಗಳೇ, ನಿಯಮವನ್ನು ಯಾವಾಗ ಮುರಿಯಬಹುದು?" ಎಂದು ಶಿಷ್ಯ ಕೇಳಿದ.

ಗುರುಗಳು ಬಾಯಲ್ಲಿದ್ದ ಎಲೆಯಡಿಕೆಯನ್ನು ಒಂದು ದವಡೆಗೆ ತಳ್ಳಿದರು. "ಒಬ್ಬ ಮೋಟಾರ್ ರಿಪೇರಿಯವನ ಕತೆ ಹೇಳುತ್ತೇನೆ, ಕೂತುಕೋ. ಹೆಸರು ಮಾತ್ರ ಕೇಳಬೇಡ. ಹೇಳಿದೆನೋ, ಆ ಮನೆಯ ಮುದುಕಿ ಇಲ್ಲಿಗೇ ಬಂದು ನನ್ನ ಮಾನ ಹರಾಜು ಹಾಕುತ್ತಾಳೆ" ಎಂದು ಶುರು ಮಾಡಿದರು.

ಒಬ್ಬ ಮೋಟಾರ್ ರಿಪೇರಿಯವನಿದ್ದ. ಅವನ ಹೆಂಡತಿಯ ತಾಯಿ ಬಚ್ಚಲಲ್ಲಿ ಜಾರಿ ಬಿದ್ದು, ಎರಡು ಕಾಲೂ ಸ್ವಾಧೀನ ತಪ್ಪಿ, ಮಗಳ ಮನೆಗೆ ಬಂದು ಮಲಗಿದ್ದಳು. ಕಾಲು ಹೋಗಿತ್ತೇ ಹೊರತು ಬಾಯಿ ಹೋಗಿರಲಿಲ್ಲ. ನೋಡಿಕೊಳ್ಳಲು ಆಯಾ ಇಟ್ಟರು. ಮುದುಕಿ ಅವಳನ್ನು ಕಳ್ಳಿ ಎಂದಳು. ಇನ್ನೊಬ್ಬಳನ್ನು ಇಟ್ಟರು. ಅವಳ ನಡತೆ ಸರಿಯಿಲ್ಲ ಎಂದಳು. ಆ ಮಾತೇನೋ ನಿಜವಂತೆ, ಅದು ಬೇರೆ ಕತೆ. ಅಂತೂ ಇಬ್ಬರೂ ಓಡಿಹೋದರು.

ಹಾಗಾಗಿ ತಾಯಿಯನ್ನು ಮಂಚದಿಂದ ಎತ್ತಿ ಗಾಲಿಕುರ್ಚಿಯಲ್ಲಿ ಕೂರಿಸುವ ಕೆಲಸ ಮಗಳ ಪಾಲಿಗೆ ಬಂತು. ತಾಯಿ ಸಣ್ಣ ಶರೀರದವಳಲ್ಲ. ಮಗಳ ಸೊಂಟ ಹಿಡಿಯಿತು. ಡಾಕ್ಟರು, "ಇನ್ನು ನೀವು ಭಾರ ಎತ್ತಿದರೆ ಅಮ್ಮನ ಪಕ್ಕದಲ್ಲಿ ನಿಮಗೂ ಒಂದು ಮಂಚ ಹಾಕಬೇಕಾಗುತ್ತದೆ" ಎಂದು ಹೆದರಿಸಿದರು. ಅಂದಿನಿಂದ ತಾಯಿ ಮಂಚ ಬಿಟ್ಟು ಏಳಲಿಲ್ಲ. ಮಲಗಿ ಮಲಗಿ ಬೆನ್ನು ಹುಣ್ಣಾಗತೊಡಗಿತು. ಆ ಹುಣ್ಣು ಬಲಿತರೆ ಮುದುಕಿ ಉಳಿಯುವುದಿಲ್ಲ ಎಂದು ಡಾಕ್ಟರು ಮಗಳನ್ನು ಹೊರಗೆ ಕರೆದು ಹೇಳಿದರು.

ಅಳಿಯ ಗಟ್ಟಿ ಆಳು. ಪಂಪ್‌ಸೆಟ್ ಮೋಟಾರನ್ನು ಒಬ್ಬನೇ ಹೆಗಲಿಗೇರಿಸಿಕೊಂಡು ನಡೆಯುತ್ತಿದ್ದ. ಅವನೇ ಎತ್ತಬಹುದಿತ್ತಲ್ಲ ಎನ್ನುತ್ತೀಯ. ಆ ಮನೆತನದಲ್ಲಿ ಅತ್ತೆ ಅಳಿಯನ ಎದುರು ನಿಲ್ಲುವುದಿಲ್ಲ, ಅವನೊಂದಿಗೆ ನೇರ ಮಾತಾಡುವುದಿಲ್ಲ. ಮುಟ್ಟುವುದಂತೂ ಕನಸಿನಲ್ಲೂ ಇಲ್ಲ. ಅವನು ಕೋಣೆಯೊಳಗೆ ಕಾಲಿಟ್ಟರೆ ಅವಳು ಮುಖದ ಮೇಲೆ ಸೆರಗೆಳೆದುಕೊಂಡು, ಅಲ್ಲೇ ನಿಂತವನ ಕಿವಿಗೆ ಬೀಳುವಂತೆ ಮಗಳಿಗೆ ಹೇಳುತ್ತಿದ್ದಳು: "ಅಳಿಯಂದಿರು ಊಟ ಮಾಡಿದ್ರಾ ಕೇಳೇ." ಅವನು ಹೆಂಡತಿಯ ಕಡೆ ತಿರುಗಿ, "ಆಯ್ತು ಅಂತ ಹೇಳು" ಎನ್ನುತ್ತಿದ್ದ. ಮದುವೆಯಾದಾಗಿನಿಂದ ಇದೇ ನಾಟಕ.

ಒಂದು ದಿನ ಮಗಳು ಅಳುತ್ತಾ, "ಅವರೇ ಎತ್ತಲಿ ಬಿಡಮ್ಮಾ" ಎಂದಳು.

"ನನ್ನ ಹೆಣ ಎತ್ತೋಕೆ ಹೇಳು. ಅಲ್ಲಿಗಂಟ ಬೇಡ" ಎಂದಳು ತಾಯಿ.

ಅಳಿಯ ಗೋಡೆಯಾಚೆ ಕೇಳಿಸಿಕೊಂಡ. ಅತ್ತೆಯನ್ನು ತಾನು ಮುಟ್ಟಬಾರದು, ಹೆಂಡತಿ ಎತ್ತಬಾರದು. ಹಾಗಾದರೆ ಎತ್ತುವುದಕ್ಕೆ ಒಂದು ರೋಬೋಟ್ ಮಾಡುತ್ತೇನೆ ಎಂದು ಹೊರಟ. ಗುಂಡಿ ಒತ್ತಿದರೆ ಕಬ್ಬಿಣದ ತೋಳು ಮಂಚದ ಮೇಲೆ ಬರಬೇಕು. ಮೋಟಾರು ದಾರ ಸುತ್ತಬೇಕು. ಬಟ್ಟೆಯ ಜೋಲಿಯಲ್ಲಿ ಅತ್ತೆ ಮೇಲೇಳಬೇಕು. ತೋಳು ತಿರುಗಿ ಅವಳನ್ನು ಕುರ್ಚಿಯಲ್ಲಿ ಇಳಿಸಬೇಕು. ಕೇರಿಯವರು ಅದಕ್ಕೆ ಕಬ್ಬಿಣದ ಅಳಿಯ ಎಂದು ಹೆಸರಿಟ್ಟರು. ನಗುವುದಕ್ಕೆ ಕೇರಿಯವರಿಗೆ ಯಾರೂ ಕಲಿಸಿಕೊಡಬೇಕಾಗಿಲ್ಲ.

ತೋಳು ಆಯಿತು, ಮೋಟಾರು ಆಯಿತು. ದಾರ ಮಾತ್ರ ಆಗಲಿಲ್ಲ.

ಮೊದಲು ತಂತಿ ಹಗ್ಗ ಹಾಕಿದ. ಅದು ಸಣ್ಣ ರಾಟೆಯಲ್ಲಿ ಬಾಗಿ ಬಾಗಿ ಎಳೆ ಕಿತ್ತು, ಮುಳ್ಳಿನ ಹಾಗೆ ಎದ್ದು ನಿಂತಿತು. ಆಮೇಲೆ ನೈಲಾನ್ ಹಗ್ಗ ಹಾಕಿದ. ಅದು ಹಿಗ್ಗಿತು. ಮೋಟಾರು ತಿರುಗುತ್ತಲೇ ಇದೆ, ಭಾರ ಮೇಲೇಳುವುದಿಲ್ಲ. ಎದ್ದಾಗ ಕಪ್ಪೆಯ ಹಾಗೆ ಕುಪ್ಪಳಿಸುತ್ತದೆ. ಇದನ್ನೆಲ್ಲ ಅವನು ಅಕ್ಕಿ ಮೂಟೆ ಕಟ್ಟಿ ಪರೀಕ್ಷಿಸುತ್ತಿದ್ದ. ಮೂಟೆ ಹರಿಯದಿರಲಿ ಎಂದು ಅದಕ್ಕೆ ಅತ್ತೆಯ ಹಳೇ ಸೀರೆ ಸುತ್ತಿದ್ದ. ಎದುರುಮನೆಯಾಕೆ ಕಿಟಕಿಯಿಂದ ನೋಡಿದಳು. ಸೀರೆ ಉಟ್ಟದ್ದೊಂದು ಗಾಳಿಯಲ್ಲಿ ನೇತಾಡುತ್ತಿದೆ, ಕೆಳಗೆ ಅಳಿಯ ಸಮಾಧಾನವಾಗಿ ನಿಂತಿದ್ದಾನೆ. ಸಾಕಲ್ಲ! ಅತ್ತೆಯನ್ನು ನೇಣಿಗೆ ಹಾಕುವ ತಾಲೀಮು ನಡೆದಿದೆ ಎಂದು ನಲ್ಲಿಯ ಹತ್ತಿರ ಹೇಳಿದಳು. ಕೊಡ ತುಂಬುವಷ್ಟರಲ್ಲಿ ಕೇರಿ ತುಂಬಿತು.

ಅವನು ನೈಲಾನ್ ಹಗ್ಗವನ್ನೂ ಬಿಚ್ಚಿ ಮೂಲೆಗೆ ಎಸೆದ. ಬಸ್ಸು ಹತ್ತಿ ಕಡಲ ತೀರದ ಊರಿಗೆ ಹೋದ. ಹಡಗಿನವರಿಗೆ, ದೋಣಿಯವರಿಗೆ ಹಗ್ಗ ಮಾರುವ ಅಂಗಡಿಗಳನ್ನೆಲ್ಲ ಅಲೆದ. ಕೊನೆಗೊಬ್ಬ ವ್ಯಾಪಾರಿ ಬಿಳಿಯ ದಾರವೊಂದನ್ನು ತೋರಿಸಿದ. ಪೆನ್ಸಿಲ್ಲಿಗಿಂತ ಸಣ್ಣ, ಹಿಡಿದರೆ ಭಾರವೇ ಇಲ್ಲ, ರೇಷ್ಮೆಯಷ್ಟು ನುಣುಪು. "ಉಕ್ಕಿಗಿಂತ ಗಟ್ಟಿ ಸ್ವಾಮೀ. ಹಿಗ್ಗಲ್ಲ, ತುಕ್ಕು ಹಿಡಿಯಲ್ಲ. ಹಡಗನ್ನೇ ಎಳೀತಾರೆ ಇದರಲ್ಲಿ" ಎಂದ. ಅಳಿಯನ ಕಣ್ಣಲ್ಲಿ ನೀರು ಬಂತು. ದಾರ ಸುತ್ತಿಕೊಂಡು ಬಸ್ಸಿಗೆ ಓಡಿದ. ವ್ಯಾಪಾರಿ ಹಿಂದಿನಿಂದ ಏನೋ ಕೂಗಿದ. ಇವನು ಕೈಬೀಸಿ ಹತ್ತಿಯೇಬಿಟ್ಟ.

ಮನೆಗೆ ಬಂದು ದಾರವನ್ನು ಜೋಲಿಗೆ ಕಟ್ಟಿದ. ತನಗೆ ಗೊತ್ತಿದ್ದ ಗಟ್ಟಿ ಗಂಟನ್ನೇ ಹಾಕಿದ. ಅಕ್ಕಿ ಮೂಟೆ ಹೂವಿನ ಹಾಗೆ ಎದ್ದಿತು, ಹೂವಿನ ಹಾಗೆ ಇಳಿಯಿತು. ಮತ್ತೆ ಎತ್ತಿದ, ಮತ್ತೆ ಇಳಿಸಿದ. ಪ್ರತಿ ಸಲವೂ ದಾರವನ್ನು ಬೆರಳಿನಿಂದ ಸವರಿ ನೋಡಿದ. ಗಂಟಿನಿಂದಾಚೆ ಚಾಚಿಕೊಂಡಿದ್ದ ತುದಿ ಪ್ರತಿ ಸಲವೂ ಕೂದಲೆಳೆಯಷ್ಟು ಒಳಗೆ ಹೋಗುತ್ತಿತ್ತು. ಅದನ್ನು ನೋಡಲಿಲ್ಲ.

ಅತ್ತೆ ದಾರ ಕಂಡು ಸೆರಗಿನೊಳಗಿಂದಲೇ ಕೇಳಿದಳು: "ಇದೇನು, ನನ್ನನ್ನ ಹೂ ಕಟ್ಟೋ ದಾರದಲ್ಲಿ ನೇತು ಹಾಕ್ತಾರಂತಾ? ಕೇಳೇ."

"ಇದರಲ್ಲಿ ಆನೆ ಎತ್ತಬಹುದು ಅಂತ ಹೇಳು" ಎಂದ ಅಳಿಯ ಹೆಂಡತಿಗೆ.

"ಆನೆ ಅಂದಿದ್ದು ಯಾರಿಗೆ, ಕೇಳು!"

ಮಗಳು ಇಬ್ಬರಿಗೂ ಬೆನ್ನು ಹಾಕಿ ಗಾಲಿಕುರ್ಚಿ ತಂದಿಟ್ಟಳು. ಅವಳಿಗೆ ಸೊಂಟದ ನೋವೇ ಸಾಕಾಗಿತ್ತು. ಬೆನ್ನಿನ ಹುಣ್ಣು ಸುಡುತ್ತಿದ್ದುದರಿಂದ ಮುದುಕಿ ಕೊನೆಗೆ ಒಪ್ಪಿದಳು. ಒಂದು ಷರತ್ತು ಹಾಕಿದಳು. ತಾನು ಮೇಲೇಳುವಾಗ ಅಳಿಯಂದಿರು ಗೋಡೆಯ ಕಡೆ ಮುಖ ಮಾಡಿ ನಿಲ್ಲಬೇಕು.

ಅವನು ಕುರ್ಚಿಯ ಪಕ್ಕದಲ್ಲಿ ಹಾಗೇ ನಿಂತ. ಎದುರುಮನೆಯಾಕೆ ಕಿಟಕಿಯಲ್ಲಿದ್ದಳು, ಅವಳ ಹಿಂದೆ ಇನ್ನೂ ನಾಲ್ಕು ತಲೆಗಳಿದ್ದವು. ಮಗಳು ಗುಂಡಿ ಒತ್ತಿದಳು. ಅತ್ತೆ ಮಂಚದಿಂದ ಎದ್ದಳು, ಗಂಡಸಿನ ಎದೆಯಷ್ಟು ಎತ್ತರಕ್ಕೆ ಹೋದಳು. ತೋಳು ತಿರುಗಿತು. ಕೆಳಗೆ ಈಗ ಮಂಚವೂ ಇಲ್ಲ, ಕುರ್ಚಿಯೂ ಇಲ್ಲ, ಬರಿಯ ಕಲ್ಲುಚಪ್ಪಡಿ.

ಆಗ ಸರ್ರನೆ ಸದ್ದಾಯಿತು. ಜೋಲಿ ಒಂದು ಗೇಣು ಕುಸಿದು ನಿಂತಿತು. "ಅಮ್ಮಾ!" ಎಂದು ಮಗಳು ಚೀರಿದಳು. ಆಮೇಲೆ ಗಂಟು ಪೂರ್ತಿ ಬಿಟ್ಟುಕೊಂಡಿತು.

ಅತ್ತೆ ಕಲ್ಲಿನ ಮೇಲೆ ಬೀಳಲಿಲ್ಲ. ಅಳಿಯನ ಎರಡು ಕೈಗಳ ಮೇಲೆ ಬಿದ್ದಳು. ಅವನು ಯಾವಾಗ ತಿರುಗಿದ, ಯಾವಾಗ ಕೈ ಒಡ್ಡಿದ, ಕಿಟಕಿಯಲ್ಲಿದ್ದವರು ಯಾರೂ ಇವತ್ತಿಗೂ ಸರಿಯಾಗಿ ಹೇಳುವುದಿಲ್ಲ. ಹೇಳುವುದರಲ್ಲಿ ಅವರು ಹಿಂದೆ ಬಿದ್ದವರೇನಲ್ಲ, ಆದರೂ ಹೇಳುವುದಿಲ್ಲ.

ಸೆರಗು ಜಾರಿ ನೆಲದ ಮೇಲಿತ್ತು. ಅತ್ತೆ ಅಳಿಯನ ಮುಖ ನೋಡಿದಳು. ಅಳಿಯ ಅತ್ತೆಯ ಮುಖ ನೋಡಿದ. ಅವನಿಗೆ ಕೆಳಗಿಡಲು ಧೈರ್ಯವಿಲ್ಲ, ಹಿಡಿದುಕೊಂಡಿರಲು ಧೈರ್ಯವಿಲ್ಲ.

"ಹಗ್ಗ ಹರಿದೋಯ್ತಾ?" ಎಂದಳು ಅತ್ತೆ. ಮಗಳಿಗಲ್ಲ, ಅವನಿಗೆ.

"ಇಲ್ಲ ಅತ್ತೇ. ಗಂಟು ಜಾರ್ತು."

"ಮತ್ತೆ ಕಂಬದ ಹಾಗೆ ನಿಂತ್ಕೊಂಡು ಏನು ನೋಡ್ತೀಯೋ? ಎತ್ತಿದ್ದು ಎತ್ತಿದ್ದೀಯ, ಜಗಲಿಗೆ ನಡಿ. ಬೀದಿ ನೋಡಿ ಎಷ್ಟು ಕಾಲ ಆಯ್ತು."

'ಅಳಿಯಂದಿರು' ಹೋಗಿ 'ಯೋ' ಬಂದಿತ್ತು. ಹೆಂಡತಿ ಬಾಗಿಲಿಗೆ ಒರಗಿಕೊಂಡು ಒಂದೇ ಸಮನೆ ನಕ್ಕಳು, ಸೊಂಟ ಹಿಡಿದುಕೊಂಡೇ ನಕ್ಕಳು. ಅವನು ಅತ್ತೆಯನ್ನು ಹೊತ್ತು ಜಗಲಿಗೆ ತಂದ. ಕೇರಿಯ ಹೆಂಗಸರೆಲ್ಲ ಬಾಯಿ ತೆರೆದು ನಿಂತಿದ್ದರು. ಅತ್ತೆ ಅಳಿಯನ ತೋಳಿನಲ್ಲಿ ಕೂತೇ ಎದುರುಮನೆಯಾಕೆಗೆ ಹೇಳಿದಳು: "ಬಾಯಿ ಮುಚ್ಕೊಳೇ, ನೊಣ ಹೋದೀತು. ನಿನ್ನ ಅಳಿಯ ಎತ್ತಿದ್ದಾನಾ ನಿನ್ನನ್ನ ಯಾವತ್ತಾದರೂ?"

ಸಂಜೆ ಅಳಿಯ ವ್ಯಾಪಾರಿಗೆ ಫೋನ್ ಮಾಡಿದ. ಅವನು ಬೈದ. "ಗಂಟು ಹಾಕಬೇಡಿ ಅಂತ ಬೊಬ್ಬೆ ಹೊಡೆದೆನಲ್ಲ ಸ್ವಾಮೀ! ಅದರ ಮೈ ಅಷ್ಟು ನುಣುಪು, ಗಂಟು ನಿಲ್ಲಲ್ಲ." ದಾರ ಒಳಗೆ ಟೊಳ್ಳಾಗಿರುತ್ತದೆ, ತುದಿಯನ್ನು ಮಡಚಿ ಅದರ ಹೊಟ್ಟೆಯೊಳಗೇ ಮೊಳದುದ್ದ ತೂರಿಸಿ ಹೊಲಿಯಬೇಕು, ಭಾರ ಬಿದ್ದಷ್ಟೂ ಅದು ತನ್ನ ತುದಿಯನ್ನು ತಾನೇ ಬಿಗಿಯಾಗಿ ಹಿಡಿದುಕೊಳ್ಳುತ್ತದೆ ಎಂದು ತಿಳಿಸಿದ. ಅಳಿಯ ಹೆಂಡತಿಯ ಪಿನ್ನು ಇಸಿದುಕೊಂಡು, ಲಂಗಕ್ಕೆ ಲಾಡಿ ಪೋಣಿಸುವ ಹಾಗೆ ಕೂತು ಪೋಣಿಸಿದ. ಗಂಡಸು ಲಾಡಿ ಪೋಣಿಸುತ್ತಿದ್ದಾನೆ ಎಂದು ಎದುರುಮನೆಯಾಕೆಗೆ ಅದೂ ಒಂದು ವಾರದ ಸರಕಾಯಿತು.

ಆಮೇಲೆ ದಾರ ಜಾರಲಿಲ್ಲ. ಬೆನ್ನಿನ ಹುಣ್ಣು ಒಣಗಿತು. ಮಗಳ ಸೊಂಟ ನೆಟ್ಟಗಾಯಿತು. ಈಗಲೂ ದಿನಾ ಕಬ್ಬಿಣದ ಅಳಿಯನೇ ಅತ್ತೆಯನ್ನು ಎತ್ತುತ್ತಾನೆ. ಆದರೆ ಗುಂಡಿ ಒತ್ತುವ ಮೊದಲು ಮುದುಕಿ ಮನೆಯೆಲ್ಲ ಕೇಳುವಂತೆ ಕೂಗುತ್ತಾಳೆ: "ಎಲ್ಲಿ ಸತ್ತೆಯೋ? ಬಂದು ಕೆಳಗೆ ಕೈ ಒಡ್ಡಿ ನಿಂತ್ಕೋ!"

ಗುರುಗಳು ಕತೆ ನಿಲ್ಲಿಸಿ, ಎದ್ದು ಹೋಗಿ ಉಗಿದು ಬಂದರು.

ಶಿಷ್ಯ ನಿರಾಳವಾಗಿ ಉಸಿರು ಬಿಟ್ಟ. ಆಮೇಲೆ ಕೇಳಿದ: "ಹಾಗಾದರೆ ನಿಯಮ ಮುರಿಯುವ ಹೊತ್ತು ಇದೇ ಎಂದು ಆ ಅಳಿಯನಿಗೆ ಹೇಗೆ ತಿಳಿಯಿತು ಗುರುಗಳೇ?"

ಗುರುಗಳು ಹೇಳಿದರು: "ಅವನಿಗೆ ನಿನ್ನ ಹಾಗೆ ಕೇಳುತ್ತಾ ಕೂರಲು ಪುರುಸೊತ್ತಿರಲಿಲ್ಲ ಕಣಯ್ಯಾ."