ಚೆಲ್ಲಿದ ಕಷಾಯ

ಮಾಘ ಮಾಸದ ಎರಡನೆಯ ಬುಧವಾರ, ಬೆಳಿಗ್ಗೆ ಇದು ನಡೆಯಿತು.

ಒಂದು ಕಾಡಿನಲ್ಲಿ ಕರಡಿ ವೈದ್ಯರ ಆರೈಕೆಯ ಚಪ್ಪರವಿತ್ತು. ಅಲ್ಲಿ ಇಬ್ಬರು ದಾದಿಯರು: ಮೊಲ ಸೇವಂತಿ, ನರಿ ಮಂದಾಕಿನಿ. ಚುಕ್ಕಿ ಎಂಬ ಜಿಂಕೆಮರಿ ಮೂರು ದಿನಗಳಿಂದ ಜ್ವರದಲ್ಲಿ ಮಲಗಿತ್ತು. ತಾಯಿ ಜಿಂಕೆ ಹೊರಗೆ ಕಾದು ನಿಂತಿತ್ತು.

ಕಷಾಯ ಕುಡಿಸುವುದು ಮೊಲದ ಕರ್ತವ್ಯ. ದಿನಕ್ಕೆ ಮೂರು ಹೊತ್ತು ಮರಿಯ ಎದೆಗೆ ಕಿವಿಯಿಟ್ಟು ಒಂದು ನಿಮಿಷದ ಉಸಿರು ಎಣಿಸಿ, ಅಷ್ಟು ತೂತುಗಳನ್ನು ಮುತ್ತುಗದ ಎಲೆಯಲ್ಲಿ ಮುಳ್ಳಿನಿಂದ ಚುಚ್ಚುವುದು ನರಿಯ ಕರ್ತವ್ಯ. ಆ ಎಲೆಗಳನ್ನು ನೋಡಿಯೇ ವೈದ್ಯರು ಮದ್ದು ನಿರ್ಧರಿಸುತ್ತಿದ್ದರು.

ಅಂದು ಮೊಲದ ಕೈ ಜಾರಿ ಕಷಾಯ ಅರ್ಧ ಚೆಲ್ಲಿತು. ಬೆಟ್ಟದ ಬೇರಿನ ಕಷಾಯ. ಚಪ್ಪರದಲ್ಲಿ ಇದ್ದದ್ದು ಅಷ್ಟೇ.

ನರಿ ನಕ್ಕಿತು. "ಅಳಬೇಡ ಕಣೇ. ನೀರು ಬೆರೆಸು, ಬಟ್ಟಲು ತುಂಬುತ್ತದೆ. ಯಾರು ಕೇಳುತ್ತಾರೆ?"

"ಜ್ವರದ ಮರಿಗೆ ಕೇಳಲಾಗದು. ಅದಕ್ಕೇ ನಾನು ಹೇಳಬೇಕು," ಎಂದಿತು ಮೊಲ.

"ಹೋಗು, ಹೇಳು. ಕಿವಿ ಉದ್ದವಿದೆ, ವೈದ್ಯರಿಗೆ ಹಿಂಡಲು ಅನುಕೂಲ!"

ಮೊಲ ನೇರವಾಗಿ ವೈದ್ಯರ ಬಳಿಗೆ ಹೋಯಿತು. "ವೈದ್ಯರೇ, ಚುಕ್ಕಿಯ ಕಷಾಯ ಅರ್ಧ ಚೆಲ್ಲಿದೆ. ತಪ್ಪು ನನ್ನದು."

ಕರಡಿ ಗದರಲಿಲ್ಲ. "ಅರ್ಧ ಸಾಕೋ ಸಾಲದೋ, ಮರಿಯನ್ನೇ ನೋಡೋಣ," ಎಂದು ಎದ್ದು ಬಂದರು. ಚುಕ್ಕಿಯ ಎದೆಗೆ ಕಿವಿಯಿಟ್ಟರು. ಉಸಿರು ಓಡುತ್ತಿತ್ತು, ನಲವತ್ತರ ಮೇಲಿತ್ತು. ನರಿಯ ಬೆಳಗಿನ ಎಲೆಯಲ್ಲಿ ಇಪ್ಪತ್ತೇ ತೂತುಗಳಿದ್ದವು.

"ಮಂದಾಕಿನಿ, ಎಣಿಸಿದೆಯಾ?"

"ಎಣಿಸದೆ ಇರುತ್ತೇನೆಯೇ, ಸ್ವಾಮಿ? ಎರಡು ಸಲ ಎಣಿಸಿದೆ."

ಕರಡಿ ಆ ಎಲೆಯನ್ನು ಎತ್ತಿದರು. ಕೆಳಗೆ ಇನ್ನೆರಡು ಎಲೆಗಳಿದ್ದವು: ಅಂದಿನ ಮಧ್ಯಾಹ್ನದ್ದು, ಸಂಜೆಯದ್ದು. ಎರಡರಲ್ಲೂ ಇಪ್ಪತ್ತಿಪ್ಪತ್ತು ತೂತುಗಳು. ಹೊರಗೆ ಹುಲ್ಲಿನ ಮೇಲಿನ ಇಬ್ಬನಿ ಇನ್ನೂ ಆರಿರಲಿಲ್ಲ.

"ಸಂಜೆ ಬಂದು ಹೋಯಿತೇನಮ್ಮಾ?" ಎಂದು ಕರಡಿ ಕೇಳಿದರು.

ನರಿ ಬಾಲ ಮುದುರಿಕೊಂಡಿತು.

"ಇಪ್ಪತ್ತೆಂದರೆ ಜ್ವರ ಇಳಿದ ಲೆಕ್ಕ. ನಿನ್ನ ಎಲೆಯನ್ನು ನಂಬಿ ಇಂದೇ ಕಷಾಯ ನಿಲ್ಲಿಸಲಿದ್ದೆ. ನಿಲ್ಲಿಸಿದ್ದರೆ ಮರಿ ಉಳಿಯುತ್ತಿರಲಿಲ್ಲ."

ಕರಡಿ ತಾವೇ ಬೆಟ್ಟಕ್ಕೆ ಹೋಗಿ ಬೇರು ತಂದರು. ಕಷಾಯವನ್ನು ಎರಡರಷ್ಟು ಕೊಡಿಸಿದರು. ಮೂರನೆಯ ದಿನ ಚುಕ್ಕಿ ಎದ್ದು ಕುಳಿತು ಗರಿಕೆ ಕೇಳಿತು. ತಾಯಿ ಜಿಂಕೆ ಅಂದು ಹೊಟ್ಟೆ ತುಂಬ ಮೇಯಿತು.

ಉಸಿರು ಎಣಿಸುವ ಕೆಲಸವೂ ಮೊಲಕ್ಕೆ ಬಂತು. ನರಿಗೆ ಬಟ್ಟಲು ತೊಳೆಯುವ ಕೆಲಸ ಉಳಿಯಿತು. ಅದು ತೊಳೆದ ಪ್ರತಿಯೊಂದು ಬಟ್ಟಲನ್ನೂ ಮೊಲ ಮೂಸಿ ನೋಡಿಯೇ ಒಳಗಿಡುತ್ತಿತ್ತು.

ನೀತಿ: ರೋಗಿಯ ಆರೈಕೆಯಲ್ಲಿ ತಪ್ಪಾದರೆ ಕೂಡಲೇ ಹೇಳಬೇಕು, ನೋಡದೆ ಇದ್ದುದನ್ನು ನೋಡಿದೆನೆಂದು ಎಂದೂ ಗುರುತು ಹಾಕಬಾರದು.

ಆ ಬೆಳಿಗ್ಗೆ ಅಲ್ಲಿದ್ದವರು: ಕರಡಿ ವೈದ್ಯರು, ಸೇವಂತಿ, ಮಂದಾಕಿನಿ, ಚುಕ್ಕಿ; ಬಾಗಿಲ ಹೊರಗೆ ಚುಕ್ಕಿಯ ತಾಯಿ.