ಕುಡಿಕೆಯ ಕಾವಲುಗಾರ

“ಅರಸರ ಮೂರು ಒಗಟು ಬಿಡಿಸಿದವರಿಗೆ ಪಾಠಶಾಲೆಯ ಒಡೆತನ, ಮೂರೂರ ಉಂಬಳಿ. ತಪ್ಪಿದವರಿಗೆ ತಲೆದಂಡ!”

ಡಂಗುರ ಕೇಳಿದ್ದೇ ತಡ, ಪಾಠಶಾಲೆಯ ಐವರು ಹುಡುಗರು ಒಟ್ಟಾಗಿ ಅರಮನೆಗೆ ಹೋದರು. ಮೂರನ್ನೂ ತಪ್ಪಿದರು. ಮಾರನೆಯ ದಿನ ಕೈಕಟ್ಟಿಸಿಕೊಂಡು ಬುರುಜಿನ ಕೆಳಗೆ ಕೂತಿದ್ದರು. ಅವರಲ್ಲೊಬ್ಬ ಕುಂಬಾರರ ಬೊಮ್ಮ. ಸುದ್ದಿ ತಿಳಿದ ಅವನ ತಂಗಿ ಹೊನ್ನಿ ಕೈಯ ಮಣ್ಣನ್ನೂ ತೊಳೆಯದೆ ಬುರುಜಿನ ಬಳಿಗೇ ಬಂದು, ಅಲ್ಲಿದ್ದ ಅರಸನ ಮುಂದೆ ನಿಂತಳು.

“ಒಗಟು ನನಗೂ ಹಾಕಿ, ದೊರೆಗಳೇ. ಗೆದ್ದರೆ ನನ್ನಣ್ಣನದೂ ಸೇರಿ ಈ ಐದು ತಲೆ ನನಗೆ ಬಿಡಬೇಕು.”

“ಸೋತರೆ ಆರಾಗುತ್ತದೆ,” ಎಂದ ಅರಸ.

“ಆಗಲಿ.”

“ಮರದ ತುದಿಯಿಂದ ಬೀಳುತ್ತಾನೆ, ಬಿದ್ದವನೇ ಎದ್ದು ದಾರಿ ಹಿಡಿಯುತ್ತಾನೆ. ಯಾರವನು? ಇವರು ಕೋತಿ ಅಂದರು.”

“ಬಿದ್ದ ಕೋತಿ ಕುಂಟಿದ್ದನ್ನು ಕಂಡಿದ್ದೇನೆ. ಅವನು ಇರುವೆ. ಮೈಯಲ್ಲಿ ಭಾರವೇ ಇಲ್ಲ, ಪೆಟ್ಟು ಎಲ್ಲಿಂದ ಬರಬೇಕು?”

“ಹತ್ತಾಳೆತ್ತರದಿಂದ ನೀರು ತುಂಬಿದ ಬಟ್ಟಲು ಬೀಳುತ್ತದೆ, ತೊಟ್ಟೂ ಚೆಲ್ಲದು. ಇವರು ಮೋಡ ಅಂದರು.”

“ಮೋಡಕ್ಕೆ ಚೆಲ್ಲುವುದೇ ಕೆಲಸ! ಅದು ತೆಂಗಿನಕಾಯಿ. ಏಟನ್ನು ನಾರು ತಿನ್ನುತ್ತದೆ, ಕರಟ ಉಳಿಯುತ್ತದೆ.”

ಅರಸ ತೆಳು ಮಣ್ಣಿನ ಕುಡಿಕೆಯೊಂದನ್ನು ಮುಂದಿಟ್ಟ. “ಇದು ಬುಟ್ಟಿಯಲ್ಲಿ ಕೂತು ಬುರುಜಿನಿಂದ ಬೀಳಬೇಕು, ಒಡೆಯಬಾರದು. ಒಳಗೆ ಕೂತು ಇದನ್ನು ಕಾಯುವವನು ಯಾರು? ಇದಕ್ಕಾಗಿ ಇವರು ಹಗಲೆಲ್ಲ ಕಿತ್ತಾಡಿದರು. ಕಬ್ಬಿಣದ ಪೆಟ್ಟಿಗೆ ಅಂದನೊಬ್ಬ, ಜೇನಿನಲ್ಲಿ ಮುಳುಗಿಸೋಣ ಅಂದನೊಬ್ಬ, ಕೊಡೆ ಕಟ್ಟೋಣ ಅಂದನೊಬ್ಬ. ಕೊನೆಗೆ ನಿಮ್ಮಣ್ಣನ ಮಾತು ಕೇಳಿ ಹತ್ತಿ ತುಂಬಿದರು. ಚೂರು ಚೂರಾಯಿತು.”

ಹೊನ್ನಿ ತಿರುಗಿದಳು. “ಅಣ್ಣಾ, ಹತ್ತಿ ಹೇಗೆ ತುಂಬಿದಿರಿ?”

“ಬೆರಳು ತೂರದ ಹಾಗೆ ಒತ್ತಿ.”

“ಕುಂಬಾರರ ಮನೆಯಲ್ಲಿ ಹುಟ್ಟಿ! ಸಂತೆಗಾಡಿಗೆ ಮಡಕೆ ಹೇರುವಾಗ ಅವ್ವ ಹಾಗೆ ಮಾಡುತ್ತಿದ್ದಳಾ?”

“ಪಾಠಶಾಲೆಯವರೆದುರು ಸಂತೆಗಾಡಿಯ ಮಾತಾಡಲು ನಾಚಿಕೆಯಾಯ್ತು ಕಣೇ.”

ಅವಳು ಒಣ ಹುಲ್ಲು ತರಿಸಿದಳು. ಬುಟ್ಟಿಗೆ ಉದುರುದುರಾಗಿ ತುಂಬಿ, ನಡುವೆ ಕುಡಿಕೆಯಿಟ್ಟು, ಮೇಲೂ ಹುಲ್ಲು ಮುಚ್ಚಿದಳು. ಅಂಗೈಯಲ್ಲಿ ಅದುಮಿ ನೋಡಿ, ಒಂದು ಹಿಡಿ ಕಿತ್ತು ಬಿಸಾಡಿ ಬುಟ್ಟಿಯ ಬಾಯಿ ಕಟ್ಟಿದಳು. ಬಂಟರು ಮೇಲಿಂದ ಎಸೆದರು. ಬುಟ್ಟಿ ದೊಪ್ಪನೆ ಬಿದ್ದು, ಪುಟಿದು, ಉರುಳಿ ನಿಂತಿತು.

ಅರಸ ತಾನೇ ಬಿಚ್ಚಿ, ಕುಡಿಕೆಯನ್ನು ಬೆರಳಿಂದ ತಟ್ಟಿದ. ಠಣ್ ಎಂದಿತು.

“ಕಾವಲುಗಾರ ಹುಲ್ಲು,” ಎಂದ.

“ಅರ್ಧ ಸರಿ, ದೊರೆಗಳೇ. ಉಳಿದರ್ಧ ಹುಲ್ಲಿನೆಳೆಗಳ ನಡುವಿನ ಸಂದು. ಏಟು ಬಿದ್ದಾಗ ಹುಲ್ಲು ಕುಸಿಯಲು ಜಾಗ ಬೇಕು. ಒತ್ತಿ ತುಂಬಿದರೆ ಹತ್ತಿಯೂ ಕಲ್ಲೇ.”

“ಹಾಗಾದರೆ ನನ್ನದೂ ಅರ್ಧ ತಲೆ ಹೋಯಿತು,” ಎಂದು ಅರಸ ನಕ್ಕು, ಐವರ ಹಗ್ಗ ಬಿಚ್ಚಿಸಿ, ಮೂರೂರನ್ನು ಹೊನ್ನಿಯ ಹೆಸರಿಗೆ ಬರೆಸಿದ.

ಪಾಠಶಾಲೆಯ ಒಡತಿಯಾದ ಹೊನ್ನಿ ಹೇಳಿಕೊಟ್ಟ ಮೊದಲ ಪಾಠ, ಗಾಡಿಗೆ ಮಡಕೆ ಹೇರುವುದು. ಮೊದಲ ದಿನವೇ ಜೇನಿನಲ್ಲಿ ಮುಳುಗಿಸೋಣ ಅಂದಿದ್ದ ಹುಡುಗ ಹನ್ನೆರಡು ಮಡಕೆ ಒಡೆದು, ಎರಡೂ ಕೈಯಲ್ಲಿ ಕತ್ತು ಹಿಡಿದುಕೊಂಡು ನಿಂತ.

“ತಲೆ ಅಲ್ಲೇ ಇರಲಿ,” ಎಂದಳು ಹೊನ್ನಿ. “ಹುಲ್ಲು ತಂದು ಮತ್ತೆ ಹೇರು.”