ವ್ಯಾಪಾರಿ ಕೊಳ ತೊಳೆದದ್ದು

“ಒಬ್ಬರ ಹಿತ ಬಯಸುವುದೂ ತಪ್ಪಾಗುತ್ತದೆಯೇ, ಗುರುಗಳೇ?” ಎಂದು ನಿಜಗುಣ ಕೇಳಿದ.

ಅವನ ತಮ್ಮ ಆ ದಿನ ಬೆಳಿಗ್ಗೆ ಮಠ ಬಿಟ್ಟು ಹೋಗಿದ್ದ. ಓದಲೆಂದು ಅವನನ್ನು ಕರೆತಂದವನು ನಿಜಗುಣನೇ. ತಮ್ಮನ ಓದು, ಊಟ, ನಡಿಗೆ, ಕೊನೆಗೆ ನಗುವನ್ನೂ ತಾನೇ ಕೂತು ತಿದ್ದಿದ್ದ. ಈಚೆಗೆ ತಮ್ಮ ಮಾತು ಕಡಿಮೆ ಮಾಡಿದಾಗ, ಇದು ಸೋಮಾರಿತನವೆಂದು ಇನ್ನಷ್ಟು ತಿದ್ದಿದ. ಹೋಗುವಾಗ ಅವನು ಅಣ್ಣನಿಗೆ ಒಂದು ಮಾತೂ ಹೇಳಿರಲಿಲ್ಲ. ಮಧ್ಯಾಹ್ನದ ಪ್ರಸಾದಕ್ಕೂ ಕೂರದೆ ನಿಜಗುಣ ಗುರುಗಳ ಬಳಿ ಬಂದಿದ್ದ.

ಗುರುಗಳು ಒಂದು ಕತೆ ಹೇಳಿದರು.

ಒಬ್ಬ ಧಾನ್ಯದ ವ್ಯಾಪಾರಿ ಇದ್ದ. ಹೆಂಡತಿ ತೀರಿಕೊಂಡಿದ್ದಳು, ಇದ್ದವಳು ಒಬ್ಬಳೇ ಮಗಳು. ಹಿತ್ತಿಲಲ್ಲಿ ಒಂದು ಪುಟ್ಟ ಕೊಳ. ಅದಕ್ಕೆ ಮೀನು ಬಿಟ್ಟವಳು ಮಗಳು. ಆಮೇಲೆ ಅವಳು ಕೊಳದ ತಂಟೆಗೆ ಹೆಚ್ಚು ಹೋದವಳಲ್ಲ. ಬಿದ್ದ ಎಲೆ ತೆಗೆಯುವಳು, ನೀರೊಳಗಿನ ಸೊಪ್ಪು ಅತಿಯಾಗಿ ಹಬ್ಬಿದರೆ ಒಂದು ಹಿಡಿ ಕೀಳುವಳು, ಸಂಜೆ ದಡದಲ್ಲಿ ಕೂತಿರುವಳು. ಪಾಚಿಯನ್ನು ಬಸವನಹುಳು ತಿನ್ನುತ್ತಿತ್ತು, ಸೊಳ್ಳೆಯನ್ನು ಕಪ್ಪೆ ತಿನ್ನುತ್ತಿತ್ತು, ಜೊಂಡಿನ ಬುಡದಲ್ಲಿ ಮೀನಿನ ಮರಿಗಳು ಅಡಗುತ್ತಿದ್ದವು. ಮದುವೆಯಾಗಿ ಹೊರಟಾಗ ಅವಳು ಅಪ್ಪನನ್ನು ಕೇಳಿಕೊಂಡದ್ದು ಒಂದೇ: ಮೀನುಗಳು ಜೋಪಾನ.

ಮೊದಲ ಗೌರಿಹಬ್ಬಕ್ಕೆ ಮಗಳು ತವರಿಗೆ ಬರುತ್ತಾಳೆಂದು ಸುದ್ದಿ ಬಂತು. ವ್ಯಾಪಾರಿ ಕೂತಲ್ಲಿ ಕೂರಲಿಲ್ಲ, ನಿಂತಲ್ಲಿ ನಿಲ್ಲಲಿಲ್ಲ. ಮನೆಗೆ ಸುಣ್ಣ ಬಳಿಸಿ ಹಿತ್ತಿಲಿಗೆ ಬಂದ. ಅಕ್ಕಿಯಲ್ಲಿ ಒಂದು ಕಲ್ಲಿದ್ದರೂ ಸಹಿಸದ ಕಣ್ಣು ಅವನದು. ಪಾಚಿ, ಜೊಂಡು, ಹುಳು, ಕೆಸರು ಕಂಡು ನಾಚಿಕೆಯಾಯಿತು. ಮಗಳು ಇಷ್ಟು ವರ್ಷ ಇಂಥ ನೀರಿನ ಮುಂದೆ ಕೂತಿದ್ದಳೇ ಎಂದು ಮರುಗಿದ.

ಮೀನುಗಳನ್ನು ಕೊಪ್ಪರಿಗೆಗೆ ಹಾಕಿಸಿದ. ಸೊಪ್ಪು, ಜೊಂಡು ಕೀಳಿಸಿದ. ಬಸವನಹುಳುಗಳನ್ನು ಅಕ್ಕಿಯ ಕಲ್ಲು ಆರಿಸುವ ಹಾಗೆ ಆರಿಸಿ ಎಸೆದ. ಮಗಳ ನಿದ್ದೆ ಕೆಡಬಾರದೆಂದು ಕಪ್ಪೆಗಳನ್ನು ಹಿಡಿಸಿ ದೂರದ ಹಳ್ಳಕ್ಕೆ ಬಿಡಿಸಿದ. ಕೆಸರು ಬಾಚಿಸಿ, ಕಲ್ಲು ಉಜ್ಜಿಸಿ, ಬಾವಿಯ ಹೊಸ ನೀರು ತುಂಬಿಸಿ ಮೀನು ಬಿಟ್ಟ. ಇಂಥ ಕೊಳ ಊರಲ್ಲೇ ಇಲ್ಲವೆಂದು ಬೀಗಿದ.

ಕೆಲವೇ ದಿನಗಳಲ್ಲಿ ನೀರು ಹಸಿರಾಯಿತು. ಮೀನುಗಳು ಬೆಳಿಗ್ಗೆ ಮೇಲೆ ಬಂದು ಬಾಯಿ ತೆರೆದು ಮುಚ್ಚತೊಡಗಿದವು. ಧಾನ್ಯ ಮಾರುವವನು ಬಲ್ಲದ್ದು ಹಸಿವೊಂದನ್ನೇ. ಪಾಪ, ಹಸಿದಿವೆ ಎಂದು ತವುಡು ಹಾಕಿದ. ಮಾರನೆಯ ದಿನ ಇನ್ನಷ್ಟು ಬಾಯಿ ತೆರೆದವು. ಅವನು ಇನ್ನಷ್ಟು ಹಾಕಿದ. ಉಳಿದ ತವುಡು ತಳದಲ್ಲಿ ಕೊಳೆಯಿತು. ಮೀನುಗಳಿಗೆ ಬೇಕಾಗಿದ್ದದ್ದು ಉಸಿರು. ನೀರಿಗೆ ಉಸಿರು ಕೊಡುತ್ತಿದ್ದ ಸೊಪ್ಪು ಬೇಲಿಯಾಚೆ ಒಣಗಿ ಬಿದ್ದಿತ್ತು.

ಮಗಳು ಬಂದ ದಿನ ಒಂದು ಮೀನೂ ಉಳಿದಿರಲಿಲ್ಲ. ಅವಳು ಬೈಯಲಿಲ್ಲ. ದಡದಲ್ಲಿ ಕೂತು ಕಪ್ಪೆಗಳೆಲ್ಲಿ ಎಂದು ಕೇಳಿದಳು. ನಿನ್ನ ನಿದ್ದೆಗೆಂದೇ ಸಾಗಿಸಿದೆ ಎಂದ ಅಪ್ಪ.

“ಅವುಗಳ ಸದ್ದು ಕೇಳುತ್ತಾ ಮಲಗಬೇಕು ಅಂತಲೇ ಬಂದೆ, ಅಪ್ಪಾ,” ಎಂದಳು.

ಆ ಮಾತು ಅವನನ್ನು ಸಾಯುವ ತನಕ ಸುಟ್ಟಿತು. ಮತ್ತೆ ಜೊಂಡು ನೆಡಿಸಿದ, ಹಳ್ಳದ ಕೆಸರು ತಂದು ಹಾಕಿಸಿದ. ಮುಂದಿನ ಮಳೆಗೆ ಕಪ್ಪೆಗಳೂ ಬಂದವು. ಗೌರಿಹಬ್ಬಕ್ಕೆ ಮಗಳೂ ಬಂದಳು, ಅಪ್ಪನಿಗೆ ಬಡಿಸಿದಳು, ಉಂಡಳು. ಹಿತ್ತಿಲ ಬಾಗಿಲನ್ನು ಮಾತ್ರ ತೆರೆಯಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು. ನಿಜಗುಣನಿಗೆ ವ್ಯಾಪಾರಿಯ ಮೇಲೆ ಕನಿಕರ ಬಂತು, ಜೊತೆಗೆ ತನ್ನ ಮೇಲೂ ಸ್ವಲ್ಪ.

“ಅವನು ಬೇಕೆಂದು ಮಾಡಿದ್ದಲ್ಲವಲ್ಲ, ಗುರುಗಳೇ. ಹೀಗಾಗುತ್ತದೆ ಎಂದು ಅವನಿಗೆ ಯಾರೂ ಹೇಳಲೇ ಇಲ್ಲವೇ?”

ಗುರುಗಳು ಅವನ ಮುಖವನ್ನೇ ನೋಡಿದರು.

“ಮೀನುಗಳು ದಿನಾ ಹೇಳುತ್ತಿದ್ದವಲ್ಲಪ್ಪಾ.”